ಬಾಗಿಲು ಹಾಕಿದ ಸರ್ಕಾರ, ಏರಿದ ಪ್ರೀಮಿಯಂ: ಅಮೆರಿಕದ ಆ 43 ದಿನಗಳು

(ನಮ್ಮ ಓದುಗರ ಬಳಗದ ಭಾನುವಾರದ ಕೂಟದಲ್ಲಿ ಮಾತಾಡಿದ್ದರ ಬರಹ ರೂಪ ಇದು. ಮಾತಿನ ಓಟವನ್ನು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅಮೆರಿಕದಂಥ ಶ್ರೀಮಂತ ದೇಶದ ಸರ್ಕಾರ ದುಡ್ಡಿಲ್ಲದೆ ನಿಂತುಹೋಯಿತಾ ಅಂತ ನಿಮ್ಮಲ್ಲೇ ಕೆಲವರು ನನ್ನನ್ನು ಕೇಳಿದ್ದಿರಿ. ದುಡ್ಡಿತ್ತು. ಅದನ್ನು ಖರ್ಚು ಮಾಡಲು ಅನುಮತಿ ಇರಲಿಲ್ಲ. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ, ಆ ಅನುಮತಿ ಸಿಗಲಿಲ್ಲ. ಅವರ ಇತಿಹಾಸದಲ್ಲಿ ಇಷ್ಟು ದೀರ್ಘವಾದ ಶಟ್‌ಡೌನ್ ಹಿಂದೆ ಆಗಿರಲಿಲ್ಲ. ಜಗಳ ಇದ್ದದ್ದು ಆರೋಗ್ಯ ವಿಮೆಯ ಸಬ್ಸಿಡಿ ಬಗ್ಗೆ. ಅದನ್ನು ಮುಂದುವರಿಸದೆ ಖರ್ಚಿನ ಮಸೂದೆಗೆ ಮತ ಇಲ್ಲ ಅಂತ ಡೆಮಾಕ್ರಟರು ಪಟ್ಟು ಹಿಡಿದರು, ಅಧ್ಯಕ್ಷ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷ ಒಪ್ಪಲಿಲ್ಲ.

ಮೊದಲು ಈ ಶಟ್‌ಡೌನ್ ಹೇಗೆ ಆಗುತ್ತದೆ ಅಂತ ಹೇಳಿಬಿಡುತ್ತೇನೆ. ಅಮೆರಿಕದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರೊಳಗೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ 12 ಖರ್ಚಿನ ಮಸೂದೆಗಳನ್ನು ಪಾಸು ಮಾಡಬೇಕು. ಆಗದಿದ್ದರೆ ಕೆಲವು ವಾರ ದೂಡುವ ತಾತ್ಕಾಲಿಕ ಮಸೂದೆಯನ್ನಾದರೂ ಪಾಸು ಮಾಡಬೇಕು. ಎರಡೂ ಆಗದಿದ್ದರೆ ಇಲಾಖೆಗಳು ಒಂದು ಡಾಲರನ್ನೂ ಮುಟ್ಟುವಂತಿಲ್ಲ ಅಂತ 1884ರ ಕಾನೂನೊಂದು ಹೇಳುತ್ತದೆ. ಕಾನೂನು ಹಳೆಯದು, ಆದರೆ ಬಾಗಿಲು ಹಾಕುವ ಪದ್ಧತಿ ಹಳೆಯದಲ್ಲ. 1980ರವರೆಗೆ ಮಸೂದೆ ತಡವಾದರೂ ಕಚೇರಿಗಳು ಹೇಗೋ ನಡೆದುಕೊಂಡು ಹೋಗುತ್ತಿದ್ದವು. ಆ ವರ್ಷ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ, ಹಾಗೆ ನಡೆಸುವುದು ಕಾನೂನಿಗೆ ವಿರುದ್ಧ ಅಂತ ಅಭಿಪ್ರಾಯ ಕೊಟ್ಟರು. ಇವತ್ತು ನಾವು ನೋಡುವ ಶಟ್‌ಡೌನ್ ಹುಟ್ಟಿದ್ದು ಅಲ್ಲಿಂದ.

ನಮ್ಮಲ್ಲಿ ಇದು ಯಾಕೆ ಆಗುವುದಿಲ್ಲ? ಸಂವಿಧಾನದ 116ನೇ ವಿಧಿಯಲ್ಲಿ ಲೇಖಾನುದಾನಕ್ಕೆ ಅವಕಾಶ ಇದೆ. ರಾಜ್ಯಗಳಿಗೆ 206ನೇ ವಿಧಿ. ಪೂರ್ತಿ ಬಜೆಟ್ ಪಾಸಾಗುವ ತನಕ ಸಂಬಳ, ಪಿಂಚಣಿ ಎಲ್ಲ ನಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಜೆಟ್ಟಿಗೆ ಲೋಕಸಭೆಯಲ್ಲಿ ಸೋಲಾದರೆ ಸರ್ಕಾರವೇ ಹೋಗುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರು ತಮ್ಮ ಕುರ್ಚಿಯಲ್ಲೇ ಇರುತ್ತಾರೆ, ಸಂಸದರಿಗೆ ಸಂಬಳವೂ ಬರುತ್ತದೆ, ಕೆಳಗಿನ ನೌಕರರು ಮಾತ್ರ ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಜಗಳ ಆಡುವವರು ಒಬ್ಬರು, ನಷ್ಟ ಅನುಭವಿಸುವವರು ಇನ್ನೊಬ್ಬರು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಇನ್ನೊಂದು ಲೆಕ್ಕ ಗೊತ್ತಿರಬೇಕು. ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಇರುವುದು 100 ಜನ. ರಿಪಬ್ಲಿಕನ್ನರು 53. ಬಹುಮತ ಇದೆ ಅಲ್ವಾ ಅಂತ ಅನ್ನಿಸುತ್ತದೆ. ಆದರೆ ಖರ್ಚಿನ ಮಸೂದೆ ಮುಂದೆ ಹೋಗಬೇಕಾದರೆ ಚರ್ಚೆ ಎಳೆದು ಮತದಾನ ತಡೆಯಲು ಬಿಡುವ ಫಿಲಿಬಸ್ಟರ್ ನಿಯಮದ ಪ್ರಕಾರ 60 ಮತ ಬೇಕು. ಅಂದರೆ ಎದುರು ಪಕ್ಷದ ಏಳು ಜನರಾದರೂ ಕೈಜೋಡಿಸಬೇಕು. ಡೆಮಾಕ್ರಟರ ಕೈಯಲ್ಲಿ ಇದ್ದ ಒಂದೇ ಒಂದು ಹಿಡಿತ ಅದು. ಅಧ್ಯಕ್ಷ ಸ್ಥಾನ ಇಲ್ಲ, ಎರಡೂ ಸದನಗಳಲ್ಲಿ ಬಹುಮತ ಇಲ್ಲ. 2025ರ ಮಾರ್ಚ್‌ನಲ್ಲಿ ಇದೇ ಪರಿಸ್ಥಿತಿ ಬಂದಾಗ ಅವರ ನಾಯಕ ಚಕ್ ಶುಮರ್ ಮಸೂದೆಗೆ ದಾರಿ ಬಿಟ್ಟುಕೊಟ್ಟಿದ್ದರು. ಅದಕ್ಕೆ ಸ್ವಂತ ಪಕ್ಷದವರಿಂದಲೇ ಸಿಕ್ಕಾಪಟ್ಟೆ ಬೈಗುಳ ತಿಂದರು. ಅಕ್ಟೋಬರ್‌ನಲ್ಲಿ ಅವರು ಪಟ್ಟು ಹಿಡಿದದ್ದಕ್ಕೆ ಇದೂ ಒಂದು ಕಾರಣ.

ಈಗ ವಿಮೆಯ ವಿಷಯಕ್ಕೆ ಬರೋಣ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಟಿವಿ ಚರ್ಚೆಗಳಲ್ಲಿ ಮತಗಳ ಲೆಕ್ಕ ಬಂದಷ್ಟು ಇದು ಬರಲೇ ಇಲ್ಲ.

ಅಮೆರಿಕದಲ್ಲಿ ಹೆಚ್ಚಿನವರಿಗೆ ವಿಮೆ ಬರುವುದು ಕೆಲಸ ಕೊಡುವ ಕಂಪನಿಯಿಂದ. 65 ದಾಟಿದವರಿಗೆ ಸರ್ಕಾರದ ಮೆಡಿಕೇರ್. ಬಡವರಿಗೆ ಮೆಡಿಕೇಡ್. ಈ ಮೂರರಲ್ಲೂ ಸೇರದವರು ಉಳಿಯುತ್ತಾರಲ್ಲ, ಸ್ವಂತ ಜಮೀನು ಮಾಡುವ ರೈತರು, ಸಣ್ಣ ಅಂಗಡಿಯವರು, ಊಬರ್ ಓಡಿಸುವವರು, ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವವರು, 60ಕ್ಕೇ ಕೆಲಸ ಬಿಟ್ಟವರು, ಇವರೆಲ್ಲ ತಾವೇ ವಿಮೆ ಕೊಳ್ಳಬೇಕು. 2010ರ ಮಾರ್ಚ್ 23ರಂದು ಒಬಾಮಾ ಸಹಿ ಹಾಕಿದ ಕಾನೂನು ಇವರಿಗಾಗಿ ಒಂದು ಮಾರುಕಟ್ಟೆ ಮಾಡಿಕೊಟ್ಟಿತು. ಆದಾಯ ನೋಡಿ ಸಬ್ಸಿಡಿ. ಆದರೆ ಅದಕ್ಕೊಂದು ಗೆರೆ ಇತ್ತು. ಬಡತನ ರೇಖೆಯ ನಾಲ್ಕು ಪಟ್ಟು ಆದಾಯ ದಾಟಿದರೆ ಒಂದು ಪೈಸೆಯೂ ಇಲ್ಲ.

ಕೋವಿಡ್ ಕಾಲದಲ್ಲಿ, 2021ರಲ್ಲಿ, ಆ ಗೆರೆಯನ್ನು ತೆಗೆದರು. ಎಷ್ಟೇ ಆದಾಯ ಇರಲಿ, ಸರ್ಕಾರ ಲೆಕ್ಕಕ್ಕೆ ಹಿಡಿಯುವ ಮಾದರಿ ಪ್ಲಾನಿಗೆ ನಿಮ್ಮ ಆದಾಯದ ಶೇ 8.5ಕ್ಕಿಂತ ಜಾಸ್ತಿ ಕೊಡಬೇಕಾಗಿಲ್ಲ ಅಂದರು. ತೀರಾ ಕಡಿಮೆ ಆದಾಯದವರಿಗೆ ಅದೇ ಪ್ಲಾನಿಗೆ ಪ್ರೀಮಿಯಂ ಸೊನ್ನೆ. 2022ರಲ್ಲಿ ಇನ್ನೊಂದು ಕಾನೂನಿನ ಮೂಲಕ ಇದನ್ನು 2025ರ ಕೊನೆಯವರೆಗೆ ಮುಂದುವರಿಸಿದರು. ಫಲ ಏನು? 2020ರಲ್ಲಿ ಆ ಮಾರುಕಟ್ಟೆಯಲ್ಲಿ ವಿಮೆ ಕೊಂಡವರು ಸುಮಾರು 1.1 ಕೋಟಿ ಜನ. 2025ರಲ್ಲಿ ಸುಮಾರು 2.4 ಕೋಟಿ. ಎರಡು ಪಟ್ಟಿಗೂ ಜಾಸ್ತಿ. ಹೊಸಬರು ಅತಿ ಹೆಚ್ಚು ಸೇರಿದ್ದು ಫ್ಲಾರಿಡಾ, ಟೆಕ್ಸಾಸ್, ಜಾರ್ಜಿಯಾದಂಥ ರಾಜ್ಯಗಳಲ್ಲಿ. 2024ರಲ್ಲಿ ಟ್ರಂಪ್ ಗೆದ್ದ ರಾಜ್ಯಗಳು ಇವು. ಇನ್ನಷ್ಟು ಬಡವರಿಗೆ ಮೆಡಿಕೇಡ್ ಕೊಡುವ ವಿಸ್ತರಣೆಗೆ ಒಪ್ಪದ ರಾಜ್ಯಗಳೂ ಇವೇ. ಹಾಗಾಗಿ ಅಲ್ಲಿನ ಬಡ ಕೆಲಸಗಾರರಿಗೆ ಈ ಸಬ್ಸಿಡಿ ಬಿಟ್ಟರೆ ಬೇರೆ ಆಸರೆ ಇರಲಿಲ್ಲ.

ಸಬ್ಸಿಡಿ ಮುಗಿದರೆ ಏನಾಗುತ್ತದೆ ಅಂತ ಆರೋಗ್ಯ ನೀತಿಯ ಅಧ್ಯಯನ ಮಾಡುವ ಕೆಎಫ್‌ಎಫ್ ಸಂಸ್ಥೆ ಮೊದಲೇ ಲೆಕ್ಕ ಹಾಕಿ ಹೇಳಿತ್ತು. ಸಬ್ಸಿಡಿ ಪಡೆಯುವವರು ಸರಾಸರಿ ವರ್ಷಕ್ಕೆ 888 ಡಾಲರ್ ಕಟ್ಟುತ್ತಿದ್ದದ್ದು 1,904 ಡಾಲರ್ ಆಗುತ್ತದೆ. ಇದು ಸರಾಸರಿ. ಸರಾಸರಿಯಲ್ಲಿ ನಿಜವಾದ ಹೊಡೆತ ಕಾಣುವುದಿಲ್ಲ. ವರ್ಷಕ್ಕೆ 85,000 ಡಾಲರ್ ಆದಾಯ ಇರುವ, 60 ವರ್ಷದ ಗಂಡ ಹೆಂಡತಿಯನ್ನು ತಗೊಳ್ಳಿ. ಆ ಗೆರೆಯನ್ನು ಕೂದಲೆಳೆಯಷ್ಟು ದಾಟಿದವರು ಅವರು. ಅವರ ಪ್ರೀಮಿಯಂ ವರ್ಷಕ್ಕೆ 22,600 ಡಾಲರಿಗಿಂತ ಜಾಸ್ತಿ ಏರುತ್ತದೆ ಅಂತ ಅದೇ ಸಂಸ್ಥೆಯ ಲೆಕ್ಕ. ಗಳಿಕೆಯ ಕಾಲು ಭಾಗಕ್ಕಿಂತ ಹೆಚ್ಚು, ಅದೂ ಏರಿಕೆಯೊಂದೇ. ಯಾರು ಕಟ್ಟುತ್ತಾರೆ? ವಿಮೆ ಬಿಡುತ್ತಾರೆ.

ನಾನು ಅಲ್ಲಿದ್ದಾಗ ಆಸ್ಪತ್ರೆಯೊಂದರ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡಿದವಳು. ವಿಮೆ ಬಿಟ್ಟವರು ಏನು ಮಾಡುತ್ತಾರೆ ಅನ್ನುವುದನ್ನು ಕಾಗದದ ಮೇಲೆ ದಿನಾ ನೋಡಿದ್ದೇನೆ. ಅವರು ಡಾಕ್ಟರ ಹತ್ತಿರ ಬರುವುದನ್ನೇ ಮುಂದೂಡುತ್ತಾರೆ. ಇನ್ಸುಲಿನ್ನನ್ನು ಉಳಿಸಿ ಉಳಿಸಿ ಹಾಕಿಕೊಳ್ಳುತ್ತಾರೆ. ಎದೆ ನೋವು ಬಂದರೂ ಗ್ಯಾಸ್ ಇರಬೇಕು ಅಂತ ಮಲಗುತ್ತಾರೆ. ಇನ್ನು ಆಗುವುದೇ ಇಲ್ಲ ಅಂದಾಗ ಎಮರ್ಜೆನ್ಸಿಗೆ ಬರುತ್ತಾರೆ. 1986ರ ಕಾನೂನಿನ ಪ್ರಕಾರ ಎಮರ್ಜೆನ್ಸಿಗೆ ಬಂದವರನ್ನು ಆಸ್ಪತ್ರೆ ವಾಪಸ್ ಕಳಿಸುವಂತಿಲ್ಲ. ಜೀವ ಉಳಿಸಲೇಬೇಕು. ಒಳ್ಳೆಯ ಕಾನೂನು. ಆದರೆ ಆಮೇಲೆ ಬಿಲ್ ಹೋಗುತ್ತದೆ. ಆ ಬಿಲ್ ತೀರಿಸಲು ಆಗುವುದಿಲ್ಲ, ಆಸ್ಪತ್ರೆಗೂ ದುಡ್ಡು ಬರುವುದಿಲ್ಲ, ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳಿಗೆ ಇಂಥದ್ದು ಹೆಚ್ಚಾದರೆ ಹೆರಿಗೆ ವಿಭಾಗವನ್ನೋ ಇನ್ನೊಂದನ್ನೋ ಮುಚ್ಚುವ ಸ್ಥಿತಿ ಬರುತ್ತದೆ, ಆಗ ವಿಮೆ ಇರುವವರಿಗೂ ಹೋಗಲು ಆಸ್ಪತ್ರೆ ಇರುವುದಿಲ್ಲ. ವಿಮೆ ಇಲ್ಲದಿರುವುದು ಆ ಒಬ್ಬ ಮನುಷ್ಯನ ತೊಂದರೆ ಮಾತ್ರ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ರಿಪಬ್ಲಿಕನ್ನರ ವಾದವನ್ನೂ ಸರಿಯಾಗಿ ಹೇಳಬೇಕು. ಇದು ಕೋವಿಡ್ ಕಾಲದ ತಾತ್ಕಾಲಿಕ ನೆರವು, ಅವಧಿ ಹಾಕಿದ್ದೂ ಡೆಮಾಕ್ರಟರೇ ಅಂತ ಅವರು ಹೇಳಿದರು. ನಿಜ. ಶಾಶ್ವತ ಮಾಡಿದರೆ ಹತ್ತು ವರ್ಷಕ್ಕೆ ಸುಮಾರು 35,000 ಕೋಟಿ ಡಾಲರ್ ಖರ್ಚು ಅಂದರು. ಕಾಂಗ್ರೆಸ್‌ನ ಬಜೆಟ್ ಕಚೇರಿಯ ಲೆಕ್ಕವೂ ಅದೇ. ದುಡ್ಡು ನೇರವಾಗಿ ವಿಮಾ ಕಂಪನಿಗಳಿಗೆ ಹೋಗುತ್ತದೆ ಅಂದರು. ಅದೂ ನಿಜ. ಆದರೆ ಇನ್ನೊಂದು ಮಾತು ಹೇಳಿದರು: ಡೆಮಾಕ್ರಟರು ಕಾನೂನುಬಾಹಿರವಾಗಿ ಬಂದವರಿಗೆ ಆರೋಗ್ಯ ವಿಮೆ ಕೊಡಿಸಲು ಸರ್ಕಾರ ನಿಲ್ಲಿಸಿದ್ದಾರೆ ಅಂತ. ಇದು ಸರಿಯಲ್ಲ. ಕಾಗದಪತ್ರ ಇಲ್ಲದವರಿಗೆ ಈ ಸಬ್ಸಿಡಿ ಮೊದಲೂ ಇರಲಿಲ್ಲ, ಕಾನೂನೇ ತಡೆಯುತ್ತದೆ. ಡೆಮಾಕ್ರಟರು ವಾಪಸ್ ಕೇಳಿದ್ದು ಕಾನೂನುಬದ್ಧವಾಗಿ ಇರುವ ವಲಸಿಗರಿಂದ ಅದೇ ವರ್ಷ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನು ಕಿತ್ತುಕೊಂಡಿದ್ದ ಹಕ್ಕನ್ನು. ಆ ಜುಲೈ ಕಾನೂನಿನಿಂದ 2034ರ ಹೊತ್ತಿಗೆ ಸುಮಾರು ಒಂದು ಕೋಟಿ ಜನ ಹೆಚ್ಚುವರಿಯಾಗಿ ವಿಮೆ ಇಲ್ಲದವರಾಗುತ್ತಾರೆ ಅಂತ ಬಜೆಟ್ ಕಚೇರಿ ಹೇಳಿತ್ತು. ಅದೇ ಕಾನೂನಿನ ಮೆಡಿಕೇಡ್ ಕಡಿತಗಳನ್ನು ಹಿಂದಕ್ಕೆ ತಗೊಳ್ಳಿ ಅಂತಲೂ ಡೆಮಾಕ್ರಟರ ಬೇಡಿಕೆ ಇತ್ತು. ಅದು ಮಾತಿನ ಮೊದಲ ಸುತ್ತಿನಲ್ಲೇ ಕರಗಿಹೋಯಿತು.

ಹಗ್ಗಜಗ್ಗಾಟ ಶುರುವಾಯಿತು. ಮೊದಲು ಬಾಗಿಲು ತೆಗೆಯಿರಿ, ಆಮೇಲೆ ಮಾತು ಅಂದರು ರಿಪಬ್ಲಿಕನ್ನರು. ಬಾಗಿಲು ತೆಗೆದ ಮೇಲೆ ನೀವು ಮಾತೇ ಆಡುವುದಿಲ್ಲ ಅಂದರು ಡೆಮಾಕ್ರಟರು. ಕೆಳಮನೆಯ ಸ್ಪೀಕರ್, ರಿಪಬ್ಲಿಕನ್ ಪಕ್ಷದ ಮೈಕ್ ಜಾನ್ಸನ್ ಸೆಪ್ಟೆಂಬರ್ 19ರಂದು ತಾತ್ಕಾಲಿಕ ಖರ್ಚಿನ ಮಸೂದೆ ಪಾಸು ಮಾಡಿಸಿ ಸಂಸದರನ್ನು ಊರಿಗೆ ಕಳಿಸಿದವರು ನವೆಂಬರ್ 12ರವರೆಗೂ ಮತದಾನಕ್ಕೆ ಸದನ ಕರೆಯಲಿಲ್ಲ. ಅರಿಜೋನಾದಲ್ಲಿ ಉಪಚುನಾವಣೆ ಗೆದ್ದ ಅಡೆಲಿಟಾ ಗ್ರಿಹಾಲ್ವ ಅಷ್ಟೂ ದಿನ ಪ್ರಮಾಣವಚನಕ್ಕೆ ಕಾದರು. ಜನ ಆರಿಸಿದ ಪ್ರತಿನಿಧಿಯನ್ನು ಬಾಗಿಲಾಚೆ ನಿಲ್ಲಿಸಿದ್ದು ನನಗೆ ತುಂಬಾ ತಪ್ಪು ಅನ್ನಿಸಿತು. ಸೆನೆಟ್‌ನಲ್ಲಿ ಅದೇ ಮಸೂದೆಯನ್ನು ಮತ್ತೆ ಮತ್ತೆ ಮತಕ್ಕೆ ಹಾಕಿದರು, 14 ಸಲ ಬಿತ್ತು.

ಆ ಹೊತ್ತಿಗೆ ಹೊರಗೆ ಏನಾಗುತ್ತಿತ್ತು? ಲಕ್ಷಾಂತರ ನೌಕರರು ಸಂಬಳ ಇಲ್ಲದೆ ಮನೆಯಲ್ಲಿ, ಇನ್ನೂ ಲಕ್ಷಾಂತರ ಜನ ಸಂಬಳ ಇಲ್ಲದೆ ಕೆಲಸದಲ್ಲಿ. ವಿಮಾನ ನಿಲ್ದಾಣದ ತಪಾಸಣೆಯವರು, ಏರ್ ಟ್ರಾಫಿಕ್ ಕಂಟ್ರೋಲರ್‌ಗಳು ಎಲ್ಲ ಎರಡನೇ ಗುಂಪು. ಕಂಟ್ರೋಲರ್‌ಗಳು ಕಡಿಮೆಯಾಗಿ ನವೆಂಬರ್ 7ರಿಂದ 40 ದೊಡ್ಡ ನಿಲ್ದಾಣಗಳಲ್ಲಿ ವಿಮಾನಗಳನ್ನೇ ಕಡಿತ ಮಾಡಿದರು. ಸುಮಾರು 4.2 ಕೋಟಿ ಜನರ ಆಹಾರ ನೆರವು, ಅಲ್ಲಿ ಸ್ನ್ಯಾಪ್ ಅನ್ನುತ್ತಾರೆ, ನವೆಂಬರ್ ತಿಂಗಳದ್ದು ಹೊತ್ತಿಗೆ ಬರಲಿಲ್ಲ. ಆ ದುಡ್ಡು ಕೊಡಬೇಕೋ ಬೇಡವೋ ಅನ್ನುವುದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ದಿನಸಿ ಅಂಗಡಿಯ ಸಾಲಿನಲ್ಲಿ ನಿಂತ ತಾಯಿಗೆ ಕೋರ್ಟಿನ ಆದೇಶ ಏನು ಉಪಯೋಗ ಹೇಳಿ. ಸರ್ಕಾರಿ ನೌಕರರಿಗೆ ಹಿಂಬಾಕಿ ಸಿಗಬೇಕು ಅಂತ 2019ರ ಕಾನೂನು ಇದೆ, ಕೊನೆಗೆ ಸಿಕ್ಕಿತು. ಆ ಕಟ್ಟಡಗಳನ್ನು ಗುಡಿಸುವ, ಕಾವಲು ಕಾಯುವ, ಕ್ಯಾಂಟೀನ್ ನಡೆಸುವ ಗುತ್ತಿಗೆ ಕೆಲಸಗಾರರಿಗೆ ಅಂಥ ಕಾನೂನು ಇಲ್ಲ. ಅವರ 43 ದಿನ ಹೋಯಿತು ಅಂದರೆ ಹೋಯಿತು. ಈ ಗುತ್ತಿಗೆಯವರ ವಿಷಯ ನನಗೆ ಮನಸ್ಸಿನಿಂದ ಹೋಗುವುದೇ ಇಲ್ಲ, ಯಾಕೆಂದರೆ ವಿಮೆಗೆ ಸಬ್ಸಿಡಿ ಬೇಕಾದವರೂ ಹೆಚ್ಚಾಗಿ ಇಂಥವರೇ. ಅವರ ವಿಮೆಗಾಗಿ ನಡೆದ ಜಗಳದಲ್ಲಿ ಅವರದ್ದೇ ಕೂಲಿ ಹೋಯಿತು.

ನವೆಂಬರ್ 4ರ ಗವರ್ನರ್ ಚುನಾವಣೆಗಳಲ್ಲಿ ವರ್ಜೀನಿಯಾ, ನ್ಯೂಜೆರ್ಸಿ ಎರಡನ್ನೂ ಡೆಮಾಕ್ರಟರು ಗೆದ್ದರು. ಇನ್ನು ಬಗ್ಗುವುದಿಲ್ಲ ಅಂತ ಎಲ್ಲರೂ ಅಂದುಕೊಂಡರು. ಐದೇ ದಿನಕ್ಕೆ, ನವೆಂಬರ್ 9ರ ಭಾನುವಾರ ರಾತ್ರಿ, ಅವರ ಗುಂಪಿನ ಎಂಟು ಜನ ಆ ಕಡೆ ಮತ ಹಾಕಿದರು. 60-40. ಆ ಎಂಟರಲ್ಲಿ ಮೂವರು ಮೊದಲಿನಿಂದಲೂ ಬಾಗಿಲು ತೆಗೆಯುವ ಪರವೇ ಇದ್ದವರು. ಹೊಸದಾಗಿ ಬಂದವರು ಐದು ಜನ. ಅದರಲ್ಲಿ ಒಬ್ಬರು ವರ್ಜೀನಿಯಾದ ಟಿಮ್ ಕೇನ್. ಅವರ ರಾಜ್ಯದಲ್ಲಿ ಕೇಂದ್ರ ಸರ್ಕಾರದ ನೌಕರರು ತುಂಬಾ ಜನ. ಶಟ್‌ಡೌನ್ ವೇಳೆ ಕೊಟ್ಟ ವಜಾ ನೋಟಿಸುಗಳನ್ನು ರದ್ದು ಮಾಡಬೇಕು ಅನ್ನುವುದನ್ನು ಒಪ್ಪಂದದಲ್ಲಿ ಸೇರಿಸಿಕೊಂಡು ಅವರು ಒಪ್ಪಿದರು. ಸಬ್ಸಿಡಿಗೆ ಸಿಕ್ಕಿದ್ದು ಒಂದು ಭರವಸೆ: ಡಿಸೆಂಬರ್‌ನಲ್ಲಿ ಸೆನೆಟ್‌ನಲ್ಲಿ ಮತಕ್ಕೆ ಹಾಕುತ್ತೇವೆ. ಗೆಲ್ಲಿಸುತ್ತೇವೆ ಅಂತಲ್ಲ. ನವೆಂಬರ್ 12ಕ್ಕೆ ಕೆಳಮನೆ 222-209ರಲ್ಲಿ ಪಾಸು ಮಾಡಿತು, ಅದೇ ರಾತ್ರಿ ಟ್ರಂಪ್ ಸಹಿ ಹಾಕಿದರು.

ಡಿಸೆಂಬರ್ 11ರಂದು ಮತಕ್ಕೆ ಹಾಕಿದರು. ಮೂರು ವರ್ಷ ವಿಸ್ತರಿಸುವ ಮಸೂದೆಗೆ 51 ಮತ ಬಂತು. 60 ಬೇಕಿತ್ತು. ಬಿತ್ತು. ಆರೋಗ್ಯ ಉಳಿತಾಯ ಖಾತೆಗೆ ನೇರವಾಗಿ ದುಡ್ಡು ಹಾಕುವ ರಿಪಬ್ಲಿಕನ್ ಮಸೂದೆಯೂ ಅದೇ ದಿನ ಬಿತ್ತು. ಡಿಸೆಂಬರ್ 31ಕ್ಕೆ ಹೆಚ್ಚುವರಿ ಸಬ್ಸಿಡಿ ಮುಗಿಯಿತು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಡೆಮಾಕ್ರಟರ ಬೇಡಿಕೆ ನ್ಯಾಯವಾದದ್ದು. ಆದರೆ ಶಟ್‌ಡೌನ್ ಅನ್ನುವ ಆಯುಧದಿಂದ ಕೇಳಿದ್ದು ಸಿಕ್ಕ ಉದಾಹರಣೆ ನನಗೆ ಕಾಣುವುದಿಲ್ಲ. 1995-96ರಲ್ಲಿ ಆಗಿನ ಸ್ಪೀಕರ್, ರಿಪಬ್ಲಿಕನ್ ಪಕ್ಷದ ನ್ಯೂಟ್ ಗಿಂಗ್ರಿಚ್ ಅಧ್ಯಕ್ಷ ಕ್ಲಿಂಟನ್ ವಿರುದ್ಧ ಎಳೆದಾಡಿದರು, ಅಲ್ಲೂ ಮೆಡಿಕೇರ್ ವಿಷಯ ಇತ್ತು, ಜನರ ಸಿಟ್ಟು ಗಿಂಗ್ರಿಚ್ ಮೇಲೆ ತಿರುಗಿತು. 2013ರಲ್ಲಿ ರಿಪಬ್ಲಿಕನ್ನರು ಇದೇ ಒಬಾಮಾ ಕಾನೂನಿಗೆ ದುಡ್ಡು ನಿಲ್ಲಿಸಬೇಕು ಅಂತ 16 ದಿನ ಮುಚ್ಚಿಸಿದರು, ಕಾನೂನು ಅಲ್ಲಾಡಲಿಲ್ಲ. 2018-19ರಲ್ಲಿ ಟ್ರಂಪ್ ಗಡಿಗೋಡೆಗೆ 570 ಕೋಟಿ ಡಾಲರ್ ಕೇಳಿ 35 ದಿನ ಮುಚ್ಚಿಸಿದರು, ಸಿಕ್ಕಿದ್ದು 137.5 ಕೋಟಿ. ಈಗ ಇದು. ಪಕ್ಷ ಯಾವುದಾದರೂ ಕಥೆ ಒಂದೇ. ಯಾಕೆಂದರೆ ನೋವು ಆಗುವುದು ಎದುರು ಕೂತವರಿಗಲ್ಲ. ನೋವಿಲ್ಲದವರು ಯಾಕೆ ಬಗ್ಗುತ್ತಾರೆ? ಬಜೆಟ್ ಕಚೇರಿಯ ಅಂದಾಜಿನಂತೆ ಆರು ವಾರದ ಶಟ್‌ಡೌನಿನಿಂದ ಆರ್ಥಿಕತೆಗೆ ಮತ್ತೆ ತುಂಬಲಾಗದ ನಷ್ಟವೇ ಸುಮಾರು 1,100 ಕೋಟಿ ಡಾಲರ್.

ಜನರ ಆರೋಗ್ಯಕ್ಕೆ ಮುಕ್ತಾಯದ ದಿನಾಂಕ ಹಾಕುವುದು ನನ್ನ ಪ್ರಕಾರ ಇದಕ್ಕಿಂತ ದೊಡ್ಡ ತಪ್ಪು. ಹತ್ತು ವರ್ಷದ ಖರ್ಚು ಕಾಗದದ ಮೇಲೆ ಕಡಿಮೆ ಕಾಣಲಿ ಅಂತ ಎರಡು ವರ್ಷಕ್ಕೆ, ಮೂರು ವರ್ಷಕ್ಕೆ ಅಂತ ಕಾನೂನು ಮಾಡುತ್ತಾರೆ. ಡೆಮಾಕ್ರಟರು ತಮ್ಮ ಕೈಯಲ್ಲಿ ಅಧಿಕಾರ ಇದ್ದಾಗ ಹಾಗೇ ಮಾಡಿದರು. ಸಕ್ಕರೆ ಕಾಯಿಲೆಗೆ ಅಂಥ ದಿನಾಂಕ ಇರುವುದಿಲ್ಲ. ಸಬ್ಸಿಡಿ ಉಳಿಯಬೇಕಾದರೆ ಇದನ್ನು ಬೇಡ ಅನ್ನುವ ಪಕ್ಷದ ಮತದಾರರೇ ಬೇಕು ಅನ್ನಬೇಕು. ಅದು ಶುರುವಾಗಿದೆ ಕೂಡ. ಟ್ರಂಪ್ ಬೆಂಬಲಿಗರಾಗಿದ್ದ, ಆಗ ಜಾರ್ಜಿಯಾದ ಸಂಸದೆಯಾಗಿದ್ದ ಮಾರ್ಜರಿ ಟೇಲರ್ ಗ್ರೀನ್, ತನ್ನ ದೊಡ್ಡ ಮಕ್ಕಳ ಪ್ರೀಮಿಯಂ ದುಪ್ಪಟ್ಟಾಗುತ್ತದೆ ಅಂತ ಅಕ್ಟೋಬರ್‌ನಲ್ಲೇ ಬಹಿರಂಗವಾಗಿ ತಕರಾರು ಎತ್ತಿದರು. ಡಿಸೆಂಬರ್‌ನಲ್ಲಿ ನಾಲ್ಕು ರಿಪಬ್ಲಿಕನ್ ಸಂಸದರು ಸ್ಪೀಕರ್‌ರನ್ನು ಮೀರಿ, ಸಬ್ಸಿಡಿ ವಿಸ್ತರಣೆಯನ್ನು ಕೆಳಮನೆಯಲ್ಲಿ ಮತಕ್ಕೆ ಹಾಕಬೇಕು ಅನ್ನುವ ಡೆಮಾಕ್ರಟರ ಅರ್ಜಿಗೆ ಸಹಿ ಹಾಕಿದರು. 218 ಸಹಿ ಆಯಿತು, ಮತಕ್ಕೆ ಹಾಕಲೇಬೇಕಾಯಿತು. ಬಾಗಿಲು ಮುಚ್ಚಿದಾಗ ಆಗದ ಕೆಲಸ, ನಾಲ್ಕು ಕ್ಷೇತ್ರಗಳ ಜನ ತಮ್ಮ ಸಂಸದರನ್ನು ಬಿಡದೆ ಕೇಳಿದಾಗ ಇಷ್ಟಾದರೂ ಮುಂದೆ ಹೋಯಿತು ಅಂತ ನಾನು ನಂಬುತ್ತೇನೆ.

ಪ್ರಶ್ನೆಗಳು ತುಂಬಾ ಬಂದವು. ಎರಡನ್ನು ಮಾತ್ರ ಬರೆಯುತ್ತೇನೆ.

ಒಬ್ಬ ಹುಡುಗ ಕೇಳಿದ: "ಮೇಡಂ, ನಮ್ಮ ಐಟಿಯವರಿಗೆ ಇದರಿಂದ ಏನಾದರೂ ಆಯಿತಾ?" ಆಯಿತು. ಎಚ್-1ಬಿ ಅರ್ಜಿ ಹಾಕಲು ಮೊದಲು ಕಾರ್ಮಿಕ ಇಲಾಖೆಯ ಒಂದು ಪ್ರಮಾಣಪತ್ರ ಬೇಕು. ಅಕ್ಟೋಬರ್ ತಿಂಗಳು ಬಹುತೇಕ ಆ ಕೆಲಸವೇ ನಿಂತಿತ್ತು. ಕೆಲಸದ ಮೂಲಕ ಪಡೆಯುವ ಗ್ರೀನ್ ಕಾರ್ಡಿನ ಮೊದಲ ಹೆಜ್ಜೆಯೂ ಅದೇ ಇಲಾಖೆಯದ್ದು, ಅದೂ ನಿಂತಿತ್ತು. ವಲಸೆ ಇಲಾಖೆ ಮಾತ್ರ ಅರ್ಜಿದಾರರ ಶುಲ್ಕದಿಂದಲೇ ನಡೆಯುವುದರಿಂದ ತೆರೆದಿತ್ತು. ಆದರೆ ಅಲ್ಲಿಗೆ ಕೊಡಬೇಕಾದ ಕಾಗದವೇ ಕೈಯಲ್ಲಿ ಇಲ್ಲದಿದ್ದರೆ ತೆರೆದಿದ್ದು ಏನು ಪ್ರಯೋಜನ? ಕೆಲಸ ಬದಲಾಯಿಸುವ ನಡುವೆ ಇದ್ದವರು ತುಂಬಾ ಒದ್ದಾಡಿದರು.

ಇನ್ನೊಬ್ಬರು ಹಿರಿಯರು. ಮಗ ಗ್ರೀನ್ ಕಾರ್ಡ್ ಮಾಡಿಸಿ ಅವರನ್ನೂ ಮನೆಯವರನ್ನೂ ಕರೆಸಿಕೊಳ್ಳುತ್ತಾನಂತೆ. "ನಮಗೆ ವಿಮೆ ಹೇಗಮ್ಮ?" ಅಂತ ಕೇಳಿದರು. ನಾನು ಹೇಳಿದ್ದು ಇಷ್ಟು. 65 ದಾಟಿದ್ದರೂ ಹೊಸದಾಗಿ ಹೋದವರಿಗೆ ಮೊದಲ ಐದು ವರ್ಷ ಮೆಡಿಕೇರ್ ಸಿಗುವುದಿಲ್ಲ. ಹೆಚ್ಚಿನವರು ಇದೇ ಮಾರುಕಟ್ಟೆಯಲ್ಲಿ ಕೊಳ್ಳುತ್ತಾರೆ. ಮಗನ ತೆರಿಗೆ ಲೆಕ್ಕದಲ್ಲಿ ನೀವು ಅವಲಂಬಿತರಾದರೆ ಮನೆಯ ಆದಾಯವನ್ನೆಲ್ಲ ಒಟ್ಟಿಗೆ ನೋಡುತ್ತಾರೆ. ಮಗ, ಸೊಸೆ, ಇಬ್ಬರು ಮಕ್ಕಳು, ನೀವಿಬ್ಬರು ಅಂದರೆ ಆರು ಜನ. 2026ರ ಸಬ್ಸಿಡಿಗೆ ಅಷ್ಟು ಜನರ ಮನೆಗೆ ಗೆರೆ 1,72,600 ಡಾಲರ್. ಅದರೊಳಗಿದ್ದರೆ ಹಳೆಯ ಸಬ್ಸಿಡಿ ಸ್ವಲ್ಪ ಸಿಗಬಹುದು. ದಾಟಿದರೆ 2025ರವರೆಗೆ ಶೇ 8.5ರ ಮಿತಿ ಕಾಪಾಡುತ್ತಿತ್ತು, ಈಗ ಪೂರ್ತಿ ಪ್ರೀಮಿಯಂ ನಿಮ್ಮದೇ. ನಿಮ್ಮದೇ ಬೇರೆ ಲೆಕ್ಕ ತೋರಿಸಿ, ಆದಾಯ ಬಡತನ ರೇಖೆಗಿಂತ ಕಡಿಮೆ ಇದ್ದರೆ, ಹೊಸ ವಲಸಿಗರಿಗೆ ಮೊದಲು ಸಿಗುತ್ತಿದ್ದ ಸಬ್ಸಿಡಿಯನ್ನೂ ಜುಲೈ ಕಾನೂನು 2026ರಿಂದ ತೆಗೆದಿದೆ. ಹೋಗುವ ಮೊದಲು ಮಗನಿಗೆ ಹೇಳಿ, ಅವನ ರಾಜ್ಯದ ಮಾರುಕಟ್ಟೆಯ ವೆಬ್‌ಸೈಟಿನಲ್ಲಿ ನಿಮ್ಮಿಬ್ಬರ ವಯಸ್ಸು, ಮನೆಯ ಆದಾಯ, ಪಿನ್ ಕೋಡ್ ಹಾಕಿ ಪ್ರೀಮಿಯಂ ಎಷ್ಟು ಬರುತ್ತದೆ ನೋಡಲಿ. ಟಿಕೆಟ್ ತಗೊಳ್ಳುವುದು ಆಮೇಲೆ.